ಬಾರ್ಬ್ರಳ ಹುಲ್ಲಿಗೆ ಬಂದ ಮೆಹಲ್

ನಾನು ಓದಿದ್ದು ಸಸ್ಯಶಾಸ್ತ್ರ, ಮಾಡುತ್ತಿದ್ದದ್ದು ನಿಘಂಟಿನ ಕೆಲಸ. ಗಿಡಗಳಿಗೆ ಬರೆಯುತ್ತಿದ್ದ ಹಾಗೆಯೇ ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾದ ಐರಿಷ್ ಪದಗಳಿಗೂ ಚೀಟಿ ಬರೆಯುತ್ತಿದ್ದೆ. ಆ ವಾರದ ಪದ 'ಮೆಹಲ್': ಒಬ್ಬರ ಹೊಲಕ್ಕೆ ಊರವರೆಲ್ಲ ಬಂದು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳುಗಳ ಗುಂಪು. ಹಳೆಯ ಐರಿಷ್‌ನಲ್ಲಿ ಅದು ಬರೀ ಕೊಯ್ಲಿನವರ ತಂಡ. ವೆಲ್ಷ್ ಭಾಷೆಯಲ್ಲೂ ಅದಕ್ಕೊಂದು ಸೋದರಪದವಿದೆ. ಎರಡರ ಬೇರೂ 'ಕೊಯ್ಯು' ಎಂಬ ಧಾತು.

ನಾನಿದ್ದದ್ದು ವಿಧವೆ ಬಾರ್ಬ್ರಳ ಮನೆಯಲ್ಲಿ. ಯಂತ್ರದವನು ಅವಳ ಹುಲ್ಲು ಕೊಯ್ದು ಹೋಗಿ ನಾಲ್ಕು ದಿನವಾಗಿತ್ತು. ಸಂಜೆಯೊಳಗೆ ಮಳೆ ಎಂದು ಬೆಳಿಗ್ಗೆ ರೇಡಿಯೋ ಹೇಳಿತು. ಹೊಲದಲ್ಲಿ ಒಣಗಲು ಬಿದ್ದಿದ್ದ ಆ ಹುಲ್ಲು ನೆನೆದರೆ ಚಳಿಗಾಲಕ್ಕೆ ಮೇವಿಲ್ಲ. ಇದ್ದೊಂದು ಹಸುವನ್ನು ಮಾರಬೇಕು.

"ಪಕ್ಕದವರನ್ನ ಕರೀಬಾರದಾ?" ಎಂದೆ.

"ಯಾವ ಮುಖ ಇಟ್ಕೊಂಡು ಕರೀಲಿ? ಕೈ ಮುರ್ಕೊಂಡು ಕೂತೆ, ಈ ವರ್ಷ ಯಾರ ಹೊಲದಲ್ಲಿ ಹುಲ್ಲು ಬಾಚಿದೀನಿ?"

ನಾನು ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ನನ್ನ ಪದದ ಕೆಲಸಕ್ಕೆ ಹೊರಟೆ. ಮೊದಲು ಸಿಕ್ಕವನು ಪಕ್ಕದ ಮನೆಯ ಮುದುಕ ಬಾರ್ಟ್ಲ.

"'ಮೆಹಲ್‌ನ ಗಂಡಸರು' ಅನ್ನೋದನ್ನ ನಿಮ್ಮ ಕಡೆ ಹೇಗೆ ಹೇಳ್ತೀರಿ?"

"ಫಿರ್ ನ ಮೆಹ್ಲೆ. ಇನ್ನು ಹೇಗೆ ಹೇಳ್ತಾರೆ?"

'ಮೆಹಲ್' ಹೋಗಿ 'ಮೆಹ್ಲೆ' ಆಗಿತ್ತು. ಸ್ತ್ರೀಲಿಂಗದ ಷಷ್ಠಿ ರೂಪ. ಬರೆದುಕೊಂಡೆ.

"ಗಂಡಸರೇ ತುಂಬಿರೋ ಪದ ಸ್ತ್ರೀಲಿಂಗ ಯಾಕೆ?"

"ಊಟ ಹಾಕೋಳು ಹೆಂಗಸಲ್ವೇನಪ್ಪಾ!" ಎಂದವನು ನನ್ನ ಭುಜದಾಚೆ ಬಾರ್ಬ್ರಳ ಹೊಲವನ್ನು ನೋಡಿದ. "ಸರಿ, ಗೊತ್ತಾಯ್ತು. ಪೇಟೆಯವರು ಎಲ್ಲಾನೂ ಸುತ್ತಿ ಬಳಸಿಯೇ ಹೇಳ್ತೀರಿ."

ನನಗೇನೂ ಗೊತ್ತಾಗಲಿಲ್ಲ. ಇನ್ನೂ ಐದು ಮನೆಗಳಲ್ಲಿ ಅದೇ ಪ್ರಶ್ನೆ ಕೇಳಿ, ಹೇಳಿದವರ ವಯಸ್ಸು, ದಿನಾಂಕ ಸಮೇತ ಉತ್ತರ ಬರೆದುಕೊಂಡೆ.

ಮಧ್ಯಾಹ್ನ ಹಿಂತಿರುಗಿದಾಗ ಹೊಲದಲ್ಲಿ ಹನ್ನೊಂದು ಜನ. ಬಾರ್ಬ್ರ ಬಾಗಿಲಲ್ಲೇ ನನ್ನನ್ನು ತಡೆದಳು.

"ಏನ್ ಮಾಡ್ಕೊಂಡು ಬಂದೆ ನೀನು?"

"ಒಂದು ಪದ ಕೇಳಿದೆ, ಅಷ್ಟೆ."

"ಹುಲ್ಲು ಬಿದ್ದಿರೋ ಮನೆಯಿಂದ ಹೋಗಿ ಇನ್ನೊಬ್ಬರ ಬಾಗಿಲಲ್ಲಿ ಆ ಪದ ಆಡಿದ್ರೆ, ಅದೇ ಕರೆಯೋದು ಕಣೋ ಮುಠ್ಠಾಳ!"

ಕೆಂಪೇರಿದ ಮುಖದಲ್ಲೇ ಅವಳು ಕಲ್ಲಿನ ಗೋಡೆಯವರೆಗೂ ಹೋಗಿ ಕೂಗಿದಳು: "ಇವನನ್ನ ನಾನು ಕಳಿಸಿರಲಿಲ್ಲ ಬಾರ್ಟ್ಲ! ನಿನ್ನ ಹೊಲಕ್ಕೆ ನಾನು ಬಂದೇ ಇಲ್ಲ ಈ ವರ್ಷ!"

"ನಿಂಗೆ ಮುರಿದಿದ್ದು ಕೈ, ನಾಲಿಗೆಯಲ್ಲವಲ್ಲ! ಮೂರು ದಿನದಿಂದ ಕವೆಗೋಲು ಬಾಗಿಲಿಗೆ ಒರಗಿಸಿಕೊಂಡು ಕಾಯ್ತಿದೀವಿ. ಕರೀದೇ ನುಗ್ಗೋಕೆ ನಾವೇನು ನಿನ್ನನ್ನ ದಿಕ್ಕಿಲ್ಲದೋಳು ಅಂದ್ಕೊಂಡಿದೀವಾ? ಹೋಗು, ಆಲೂಗಡ್ಡೆ ಬೇಯೋಕಿಡು!"

ಹೊಲವೆಲ್ಲ ನಕ್ಕಿತು. ಬಾರ್ಬ್ರ ನನ್ನ ಕೈಗೊಂದು ಕವೆಗೋಲು ತುರುಕಿ ಓಡುತ್ತಲೇ ಒಳಹೋದಳು.

ಕೊನೆಯದಾದ ಹದಿನಾಲ್ಕನೆಯ ಬಣವೆಗೆ ಹಗ್ಗ ಬಿಗಿಯುವಾಗ ಮೊದಲ ಹನಿ ಬಿತ್ತು. ಎಲ್ಲರೂ ಬಟ್ಟೆಗಂಟಿದ ಹುಲ್ಲಿನ ಸಮೇತ ಅಡುಗೆಮನೆಗೆ ನುಗ್ಗಿದರು. ಹಸುವನ್ನು ಮಾರುವ ಮಾತು ಯಾರೂ ಎತ್ತಲಿಲ್ಲ. ಬಾರ್ಬ್ರ ಅದರದೇ ಬೆಣ್ಣೆಯನ್ನು ಎಲ್ಲರ ತಟ್ಟೆಗೂ, ಬೇಡ ಬೇಡವೆಂದರೂ, ಎರಡೆರಡು ಸಲ ಬಡಿಸಿದಳು.