ಏನನ್ನೂ ಒರೆಸದ ಬಟ್ಟೆ

೧
ಒಂದಾನೊಂದು ಕಾಲದಲ್ಲಿ ಒಂದು ಕನ್ನಡಿ ಇತ್ತು. ಹೀಗೆ ಶುರು ಮಾಡಬಹುದೇ? ಅಜ್ಜಿಯಾಗಿದ್ದರೆ ಇಷ್ಟು ಹೊತ್ತಿಗೆ ಅದರ ಮುಂದೊಬ್ಬಳು ರಾಜಕುಮಾರಿಯನ್ನು ಕೂರಿಸಿ ಆಗಿರುತ್ತಿತ್ತು. ನನ್ನ ಕನ್ನಡಿಯ ಮುಂದೆ ಉಸಿರು ಬಿಡುವಂತೆಯೂ ಇಲ್ಲ. ಅದು ದೊಡ್ಡ ಟೆಲಿಸ್ಕೋಪಿನದು. ಅದರ ಮೈಮೇಲೆ ಕಣ್ಣಿಗೆ ಕಾಣದ ಜಿಡ್ಡು ಕೂತಿದೆಯೇ ಎಂದು ಪರೀಕ್ಷಿಸುವವಳು ನಮ್ಮ ನಾಯಕಿ. (ಅಡ್ಡಹೆಸರು ಗೆರೆಯಮ್ಮ. ದಿನವಿಡೀ ಪರದೆಯ ಮೇಲಿನ ಗೆರೆ ನೋಡುತ್ತಾಳೆ. ನಾಯಕಿ ಅನ್ನಬೇಡ ಎನ್ನುತ್ತಾಳೆ. ಕೇಳುವವರಾರು?)

೨
ಬೆಳಿಗ್ಗೆ, ಜಿಡ್ಡು ಕರಗಿಸುವ ಸಾಲ್ವೆಂಟಿನಲ್ಲಿ ಅದ್ದಿದ ಬಟ್ಟೆಯಿಂದ ಕನ್ನಡಿಯ ಅಂಚು ಒರೆಸಿದಳು. ಬಟ್ಟೆಯನ್ನು ಹಿಂಡಿ, ಹನಿಯೊಂದನ್ನು ಒಣಗಿಸಿ, ಅತಿಗೆಂಪು ಬೆಳಕಿಗೆ ಹಿಡಿದಳು. ಪ್ರತಿ ಅಣುವೂ ತನಗೆ ಬೇಕಾದ ಬೆಳಕನ್ನಷ್ಟೇ ನುಂಗುತ್ತದೆ; ನುಂಗಿದ ಕಡೆ ಗೆರೆ ಏಳುತ್ತದೆ. ಪರದೆಯ ಅಳತೆಪಟ್ಟಿಯಲ್ಲಿ 1260ರ ಹತ್ತಿರ ಗೆರೆ ಸೂಜಿಯಂತೆ ಎದ್ದಿತು. ಸಿಲಿಕೋನ್. ಕೈಗೆ ಹಚ್ಚುವ ಕ್ರೀಮುಗಳಲ್ಲಿರುವಂಥದ್ದು.

ವರದಿ ಓದಿದ ಮೇಲಧಿಕಾರಿಗೆ ಕನ್ನಡಿಯ ಕೋಣೆ ಒರೆಸುವ ಅಕ್ಕನ ಬಿರುಕು ಬಿಟ್ಟ ಕೈ ಥಟ್ಟನೆ ನೆನಪಾಯಿತು. ಸಂಜೆ ಐದಕ್ಕೆ ಗೇಟ್ ಪಾಸ್ ವಾಪಸ್ ಕೊಟ್ಟು ಹೋಗಲಿ, ನಾಳೆಯಿಂದ ಬರುವುದು ಬೇಡ ಎಂದರು.

೨, ಮತ್ತೆ
ಇಲ್ಲಿ ನನಗೊಬ್ಬ ಖಳ ಬೇಕಿತ್ತು. ಹೊಟ್ಟೆಕಿಚ್ಚಿನ ಸಹೋದ್ಯೋಗಿ, ಜೇಬಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸೀಸೆ. ಅರ್ಧ ಪುಟ ಬರೆದೂ ಬಿಟ್ಟಿದ್ದೆ. ಗೆರೆಯಮ್ಮ ಓದಿ ಮುಖ ಸಿಂಡರಿಸಿದಳು.

"ಎಣ್ಣೆಯಾಗಿದ್ರೆ ಗೆರೆ ಬೇರೆ ಕಡೆ ಏಳ್ತಿತ್ತು ಕಣೇ. ಅಷ್ಟೂ ಗೊತ್ತಿಲ್ದೆ ಕಥೆ ಬರೀತೀಯಾ?"

ಖಳನನ್ನು ಹೊಡೆದುಹಾಕಿದೆ. ಚೆಂದದ ಮೀಸೆ ಇತ್ತು, ಪಾಪ.

೪ (ಮೂರನೆಯದು ಕವಿತೆಯಾಗತೊಡಗಿತ್ತು, ಹರಿದೆ)
ಅಕ್ಕನಿಂದ ಕಣ್ಣೀರು ಹಾಕಿಸಲು ಎರಡು ಸಲ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಬಾಗಿಲ ಹೊರಗೇ ನಿಂತು ಗೆರೆಯಮ್ಮನಿಗೆ ಹೇಳಿದಳು: "ನಾನು ಕ್ರೀಮ್ ಹಚ್ಚೋದು ಮನೆಗ್ ಹೋದ್ಮೇಲೆ ಕಣಮ್ಮ. ಇನ್ನೊಂದ್ಸಲ ನೋಡ್ತೀಯಾ?"

"ಐದರೊಳಗೆ ನೋಡ್ತೀನಿ ಅಕ್ಕಾ."

ಕನ್ನಡಿಯನ್ನು ಮತ್ತೆ ಒರೆಸಿದಳು. ಅದೇ ಗೆರೆ. ಕೈಗವಸು ಬದಲಿಸಿ ಒರೆಸಿದಳು. ಅದೇ. ಕನ್ನಡಿಯೇ ಬಾಯಿಬಿಟ್ಟು ಹೇಳಲಿ ಎಂದು ನಾನು ಸೂಚಿಸಿದೆ. ಅವಳು ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಬಟ್ಟೆಯ ಪೊಟ್ಟಣದ ಮೇಲಿತ್ತು. ಬೆಳಿಗ್ಗೆಯಷ್ಟೇ ಒಡೆದದ್ದು. ಮೊದಲು ಏನನ್ನೂ ಒರೆಸದ ಬಟ್ಟೆಯೊಂದನ್ನು ಹಾಗೆಯೇ ಅದ್ದಿ ಹಿಂಡಿ ನೋಡಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಬೆಳಿಗ್ಗೆ ಅವಸರವಿತ್ತು. ಬಿಟ್ಟಿದ್ದಳು.

"ಇದನ್ನ ಬರೀಲೇಬೇಕಾ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

ಬೇಕಾದರೆ ಯಂತ್ರ ಕೆಟ್ಟಿತ್ತು ಎನ್ನುತ್ತೇನೆ, ಅಕ್ಕನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಕೊಡಿಸುತ್ತೇನೆ, ನನಗೇನು ಕಷ್ಟ ಎಂದೆ. ಅವಳು ತುಸು ಹೊತ್ತು ಯೋಚಿಸಿದಳು. (ಸುಳ್ಳೇಕೆ, ತುಂಬ ಹೊತ್ತೇ ಯೋಚಿಸಿದಳು.) ಆಮೇಲೆ ಪೊಟ್ಟಣದಿಂದ ಹೊಸ ಬಟ್ಟೆ ತೆಗೆದು, ಸಾಲ್ವೆಂಟಿನಲ್ಲಿ ಅದ್ದಿ, ಏನನ್ನೂ ಒರೆಸದೆ, ಹಿಂಡಿದಳು.

1260.

ನಿನ್ನೆಯವರೆಗೆ ಬಳಸಿದ ಹಳೆಯ ಪೊಟ್ಟಣದಲ್ಲಿ ಎರಡು ಬಟ್ಟೆ ಉಳಿದಿದ್ದವು. ಒಂದನ್ನು ಹಾಗೆಯೇ ಹಿಂಡಿದಳು, ಇನ್ನೊಂದರಿಂದ ಕನ್ನಡಿಯಲ್ಲಿ ಇವತ್ತು ಮುಟ್ಟದ ಕಡೆ ಒರೆಸಿ ಹಿಂಡಿದಳು. ಎರಡೂ ಗೆರೆ ಸಪಾಟು.

ಅಂತ್ಯ ಅ: ಮೇಲಧಿಕಾರಿ ಅಕ್ಕನ ಕ್ಷಮೆ ಕೇಳುತ್ತಾರೆ. (ನೀವೇ ನಂಬುವುದಿಲ್ಲ.)
ಅಂತ್ಯ ಆ: ಗೆರೆಯಮ್ಮನ ಕೆಲಸ ಹೋಗುತ್ತದೆ.
ಅಂತ್ಯ ಇ: ನಿಮ್ಮ ಸಹವಾಸವೇ ಸಾಕು ಎಂದು ಅಕ್ಕನೇ

"ಸುಮ್ನಿರ್ತೀಯಾ? ಬರೀತಿದೀನಿ."

ಅವಳು ಬರೆದದ್ದು ಇಷ್ಟೇ: ಜಿಡ್ಡು ಬಟ್ಟೆಯದು, ಕನ್ನಡಿಯದಲ್ಲ. ಬಟ್ಟೆಯನ್ನು ಮೊದಲೇ ನೋಡಬೇಕಿತ್ತು, ನಾನು ನೋಡಲಿಲ್ಲ. ಸಹಿ ಹಾಕಿ, ಅಕ್ಕನನ್ನೂ ಕರೆದುಕೊಂಡು ಹೋಗಿ, ಐದಕ್ಕೆ ಎರಡು ನಿಮಿಷವಿರುವಾಗ ಹಾಳೆಯನ್ನು ಮೇಲಧಿಕಾರಿಯ ಮುಂದಿಟ್ಟಳು. ಅವರು ಓದಲು ಕನ್ನಡಕ ಹುಡುಕತೊಡಗಿದರು. ಜೇಬು, ಮೇಜು, ಕಡತಗಳ ಕೆಳಗೆ.

ಅದು ಎಲ್ಲಿದೆಯೆಂದು ನನಗೆ ಗೊತ್ತು. ಹೇಳುವುದಿಲ್ಲ.