ಹನ್ನೊಂದು ದಿನದ ಹಸಿರು

ಹನ್ನೊಂದು ದಿನಗಳಿಂದ ಅಜ್ಜ ಒಮ್ಮೆಯೂ ಫೇಲಾಗಿರಲಿಲ್ಲ. ಅವಳಿಗೆ ಅನುಮಾನ ಹುಟ್ಟಿದ್ದೇ ಅದರಿಂದ.

ಅಜ್ಜ ಎಂದರೆ ಆಫೀಸಿನ ಹಿಂದಿನ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರ್. ಅವಳ ತಂಡ ನೋಡಿಕೊಳ್ಳುತ್ತಿದ್ದುದು ಒಂದು ಲೈಬ್ರರಿಯನ್ನು. ಬೇರೆ ಬೇರೆ ಬಗೆಯ ಕಂಪ್ಯೂಟರುಗಳಲ್ಲಿ ಫೈಲು, ಗಡಿಯಾರ, ಮೆಮೊರಿಗಳನ್ನು ಒಂದೇ ರೀತಿಯಲ್ಲಿ ಬಳಸಲು ಇತರ ಪ್ರೋಗ್ರಾಮರುಗಳಿಗೆ ನೆರವಾಗುವ ಕೋಡ್ ಅದು. ಅದರಲ್ಲಿ ಯಾರು ಒಂದು ಸಾಲು ಬದಲಿಸಿದರೂ ಆರು ಯಂತ್ರಗಳಲ್ಲಿ 1,412 ಪರೀಕ್ಷೆಗಳು ತಾವಾಗಿಯೇ ಓಡುತ್ತವೆ. ಎಲ್ಲ ಪಾಸಾದರೆ ಪರದೆಯ ಮೇಲೆ ಹಸಿರು, ಒಂದು ಫೇಲಾದರೂ ಕೆಂಪು. ಐದು ಯಂತ್ರಗಳು ಎಲ್ಲೋ ದೂರದವು, ಬಾಡಿಗೆಯವು. ಆರನೆಯದು ಅಜ್ಜ. ಅದರ ಆಪರೇಟಿಂಗ್ ಸಿಸ್ಟಮ್ ಯಾರೂ ಬಾಡಿಗೆಗೆ ಕೊಡದಷ್ಟು ಹಳೆಯದು. ಆದರೆ ನೀರಿನ ಪಂಪುಗಳನ್ನು ನಡೆಸುವ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಕಂಪನಿ ಇನ್ನೂ ಅದನ್ನೇ ಬಳಸುತ್ತಿತ್ತು. ಶುಕ್ರವಾರ ಬಿಡುಗಡೆಯಾಗಬೇಕಿದ್ದ ಹೊಸ ಆವೃತ್ತಿಗಾಗಿ ಕಾದಿದ್ದವರೂ ಅವರೇ.

ಬಿಡುಗಡೆಗೆ ಮುನ್ನ ಪರೀಕ್ಷೆಗಳು ಸರಿಯಾಗಿವೆ ಎಂದು ಒಪ್ಪಿಗೆ ಹಾಕುವುದು ಅವಳ ಕೆಲಸ. ಆಫೀಸಿನವರು ಅವಳನ್ನು ಪತ್ತೇದಾರಿ ಎಂದು ಕರೆಯುತ್ತಿದ್ದರು. ತಂಡದ ಮುಖ್ಯಸ್ಥರು ಅವಳ ಅಕ್ಕನ ಗಂಡ. ಅವಳನ್ನು ಕೆಲಸಕ್ಕೆ ಸೇರಿಸಿದ್ದೂ ಆ ಭಾವನೇ. ಬಿಡುಗಡೆ ಆಗಲೇ ಎರಡು ಸಲ ಮುಂದೆ ಹೋಗಿತ್ತು. ಮೂರನೆಯ ಸಲವೂ ಹೋದರೆ ತಂಡ ಭಾವನ ಕೈಯಲ್ಲಿ ಉಳಿಯುವುದಿಲ್ಲ ಎಂದು ಮ್ಯಾನೇಜರ್ ಮೇಡಂ ಎಲ್ಲರ ಎದುರಿಗೇ ಹೇಳಿದ್ದರು.

ಎರಡು ಸಲವೂ ಅಡ್ಡ ಬಂದದ್ದು ಅಜ್ಜನ ಮೇಲಿನ ಬೀಗದ ಪರೀಕ್ಷೆ. ಎರಡು ಪ್ರೋಗ್ರಾಮುಗಳು ಒಂದೇ ಫೈಲಿಗೆ ಬರೆಯಲು ಬಂದಾಗ ಒಂದು ಬೀಗ ಹಾಕಿಕೊಂಡು ಬರೆಯಬೇಕು, ಇನ್ನೊಂದು ಕಾಯಬೇಕು, ಬರೆದ ಒಂದು ಸಾಲೂ ಕಳೆದುಹೋಗಬಾರದು. ಮೂರು ತಿಂಗಳಲ್ಲಿ ಮೂವತ್ತೊಂದು ಸಲ ಅಜ್ಜನ ಮೇಲೆ ಸಾಲುಗಳು ಕಳೆದುಹೋಗಿದ್ದವು. ಕಾರಣ ಸಿಕ್ಕಿರಲಿಲ್ಲ. ಈಗ ಹನ್ನೊಂದು ದಿನ ಬರೀ ಹಸಿರು. ಬೀಗದ ಕೋಡನ್ನು ಈ ನಡುವೆ ಯಾರೂ ಮುಟ್ಟಿರಲಿಲ್ಲ.

ಬುಧವಾರ ಮಧ್ಯಾಹ್ನ ಅವಳು ಭಾವನ ಮೇಜಿನ ಬಳಿ ನಿಂತಳು.

"ಭಾವ, ಅಜ್ಜ ಹುಷಾರಾದ ಹಾಗಿದೆ."

"ಒಳ್ಳೇದಾಯ್ತಲ್ಲ." ಭಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಮದ್ದು ಕೊಟ್ಟಿದ್ದು ಯಾರು?"

"ಕೆಲವು ಜ್ವರ ತಾನಾಗೇ ಬಿಡುತ್ತಮ್ಮ. ಬಿದ್ರೆ ಯಾಕೆ ಬಿತ್ತು ಅಂತೀಯ, ಬೀಳದಿದ್ರೆ ಯಾಕೆ ಬೀಳ್ಲಿಲ್ಲ ಅಂತೀಯ. ಮೊಸರಲ್ಲಿ ಕಲ್ಲು ಹುಡುಕೋದನ್ನ ನಿನ್ನಿಂದ ಕಲೀಬೇಕು."

"ಹುಡುಕೋಕೆ ತಾನೇ ನನ್ನ ಇಟ್ಕೊಂಡಿರೋದು?"

"ಹೌದು. ನಾಡಿದ್ದಿನವರೆಗೂ ಸ್ವಲ್ಪ ಕಮ್ಮಿ ಹುಡುಕು."

ಭಾವ ನಕ್ಕರು. ಆ ನಗು ಅವಳಿಗೆ ಸರಿ ಕಾಣಲಿಲ್ಲ.

ಫೇಲಾದ ಪರೀಕ್ಷೆಯನ್ನು ಪಾಸಾಗುವವರೆಗೂ ಮತ್ತೆ ಮತ್ತೆ ಓಡಿಸಿ, ಕೊನೆಯ ಫಲಿತಾಂಶವನ್ನಷ್ಟೇ ತೋರಿಸಲು ಒಂದು ಸಾಲು ಸಾಕು. ಭಾವ ಅದನ್ನು ಸೇರಿಸಿರಬಹುದು ಎಂದುಕೊಂಡು ಅವಳು ಸೆಟ್ಟಿಂಗಿನ ಫೈಲುಗಳ ಇತಿಹಾಸವನ್ನು ತೆಗೆದು ನೋಡಿದಳು. ಬದಲಾವಣೆ ಇರಲಿಲ್ಲ. ಪರೀಕ್ಷೆಗಳನ್ನು ಕಡಿಮೆ ಮಾಡಿರಬಹುದೆ ಎಂದು ಎಣಿಸಿದಳು. 1,412, ಒಂದೂ ಕಡಿಮೆಯಿಲ್ಲ. ಹಾಗಾದರೆ ಯಂತ್ರವನ್ನೇ ಬದಲಿಸಿದ್ದಾರೆಯೇ? ಅಜ್ಜ ತಿಳಿಸಿದ ಸೀರಿಯಲ್ ನಂಬರು ಹಳೆಯದೇ.

ಕೊನೆಗೆ ಅವಳಿಗೆ ಸಿಕ್ಕಿದ್ದು ಸಮಯ. ಮೊದಲು ಬೀಗದ ಪರೀಕ್ಷೆ ಬೆಳಗಿನ ಹೊತ್ತು ಒಂಬತ್ತು ಸೆಕೆಂಡಿನಲ್ಲಿ, ಮಧ್ಯಾಹ್ನ ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಮೂವತ್ತೊಂದು ಕೆಂಪಿನಲ್ಲಿ ಇಪ್ಪತ್ತೊಂಬತ್ತು ಬಂದದ್ದು ಎರಡರಿಂದ ಐದು ಗಂಟೆಯ ಒಳಗೆ. ಹನ್ನೊಂದು ದಿನಗಳಿಂದ ಮಧ್ಯಾಹ್ನವೂ ಒಂಬತ್ತೇ ಸೆಕೆಂಡು. ಅಜ್ಜ ಕೊನೆಯ ಸಲ ಆಫ್ ಆಗಿ ಆನ್ ಆದದ್ದು ಹನ್ನೊಂದು ದಿನದ ಹಿಂದೆ, ಶನಿವಾರ ಬೆಳಿಗ್ಗೆ 11:10ಕ್ಕೆ. ಶನಿವಾರ ಆಫೀಸಿಗೆ ರಜೆ.

ಅವಳಿದ್ದುದು ಅಕ್ಕನ ಮನೆಯ ಮಹಡಿಯಲ್ಲಿ. ಸಂಜೆ ಕೆಳಗಿಳಿದು ಬಂದಾಗ ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಅಕ್ಕಾ, ಹೋದ ಶನಿವಾರ ಅಲ್ಲ, ಅದರ ಹಿಂದಿನ ಶನಿವಾರ ಭಾವ ಎಲ್ಲಿಗಾದ್ರೂ ಹೋಗಿದ್ರಾ?"

"ಆಫೀಸಿಗೆ ಅಂದ್ರು. ಬರೋವಾಗ ಅಂಗಿ ತುಂಬ ಧೂಳು. ಅಲ್ಲಿ ಕಸ ಗುಡಿಸೋ ಕೆಲಸಾನೂ ನಿಮ್ಮದೇನಾ ಅಂತ ಕೇಳ್ದೆ. ಅವತ್ತಿಂದ ಗೊರಕೆ ಹೊಡ್ಕೊಂಡು ಮಲಗ್ತಿದ್ದಾರೆ ಕಣೇ. ಅದಕ್ಕೆ ಮುಂಚೆ ಎರಡು ತಿಂಗಳು ಸೂರು ನೋಡ್ಕೊಂಡು ಬಿದ್ದಿರ್ತಿದ್ರು." ಅಕ್ಕನ ಚಾಕು ನಿಂತಿತು. "ಯಾಕೆ ಕೇಳಿದ್ದು?"

"ಸುಮ್ನೆ."

"ನೀನು ಸುಮ್ನೆ ಏನೂ ಕೇಳೋಳಲ್ಲ. ನಿನ್ನ ಪತ್ತೇದಾರಿಕೇನ ನನ್ನ ಅಡುಗೆಮನೆಗೆ ತರಬೇಡ, ಹೇಳಿದ್ದೀನಿ."

ಗುರುವಾರ ಬೆಳಿಗ್ಗೆ ಅವಳು ಹಿಂದಿನ ಕೋಣೆಗೆ ಹೋದಳು. ತಿಂಗಳುಗಟ್ಟಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಎಲ್ಲ ಕೆಲಸವೂ ಪರದೆಯ ಮೇಲೆಯೇ ಆಗುತ್ತಿತ್ತು. ಪಡುವಣದ ಕಿಟಕಿಯ ಕೆಳಗಿನ ಮೇಜು ಬರಿದಾಗಿತ್ತು. ಧೂಳಿನ ನಡುವೆ ಕಂಪ್ಯೂಟರಿನ ಅಳತೆಯ ಒಂದು ಚೌಕ ಮಾತ್ರ ಶುಭ್ರವಾಗಿತ್ತು. ಅಜ್ಜ ಎದುರು ಗೋಡೆಯ ಪಕ್ಕದಲ್ಲಿ, ಎಸಿಯ ನೇರ ಕೆಳಗೆ, ತಣ್ಣಗೆ ಕುಳಿತಿತ್ತು.

ಅವಳು ಭಾವನನ್ನು ಅಲ್ಲಿಗೇ ಕರೆದಳು. ಭಾವ ಬಾಗಿಲಲ್ಲೇ ನಿಂತರು.

"ಅದನ್ನ ಸರಿಸಿದ್ದು ನೀವೇ ಅಲ್ವಾ?"

"ಮಧ್ಯಾಹ್ನ ಮುಟ್ಟಿದ್ರೆ ಕೈ ಸುಡ್ತಿತ್ತು. ವಯಸ್ಸಾದ ಯಂತ್ರ, ಬಿಸಿಲಿಗೆ ತಲೆ ತಿರುಗಿ ಬೀಳ್ತಿತ್ತು. ನೆರಳಿಗೆ ತಂದು ಕೂರಿಸ್ದೆ. ತಪ್ಪಾ?"

"ಹಾಗಾದ್ರೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಡ್ತಿದ್ಯಾ?"

"ಬಿಸಿಯಾದ್ರೆ ಯಂತ್ರ ನಿಧಾನ ಆಗುತ್ತೆ ಭಾವ. ಲೆಕ್ಕ ತಪ್ಪಲ್ಲ. ನಿಧಾನ ಆದಾಗ ಸಾಲು ಕಳೆದುಹೋಗುತ್ತೆ ಅಂದ್ರೆ ತಪ್ಪು ಇರೋದು ನಮ್ಮ ಕೋಡಲ್ಲಿ. ಪಂಪಿನ ಪೆಟ್ಟಿಗೆಗಳನ್ನ ಎಲ್ಲಿ ಇಡ್ತಾರೆ, ಗೊತ್ತಲ್ಲ?"

ಭಾವನಿಗೆ ಗೊತ್ತಿತ್ತು. ತಗಡಿನ ಗೂಡುಗಳಲ್ಲಿ, ಬಯಲಿನಲ್ಲಿ. ಅಲ್ಲಿ ಕಳೆಯುವ ಒಂದು ಸಾಲು ಪಂಪನ್ನು ನಿಲ್ಲಿಸು ಎಂಬ ಆದೇಶವೂ ಆಗಿರಬಹುದು.

"ನಾಳೆ ಬಿಡುಗಡೆ," ಎಂದರು. "ಇದೊಂದು ಸಲ ಒಪ್ಪಿಗೆ ಹಾಕು. ಬೀಗವನ್ನ ಮುಂದಿನ ಆವೃತ್ತೀಲಿ ಕೂತು ನೋಡೋಣ. ನನ್ನ ಕಥೆ ಏನಾಗುತ್ತೆ ಅಂತ ನಿನಗೆ ಗೊತ್ತು."

"ಕಿಟಕಿ ಹತ್ರ ಇಟ್ಟೂ ಪಾಸಾದ್ರೆ ಹಾಕ್ತೀನಿ."

ಇಬ್ಬರೂ ಸೇರಿ ಅಜ್ಜನನ್ನು ಎತ್ತಿ ಹಳೆಯ ಮೇಜಿನ ಮೇಲಿಟ್ಟರು. ಅವಳು ಎಸಿ ಆರಿಸಿದಳು. ಎರಡು ಗಂಟೆಗೆ ಬಿಸಿಲು ಮೇಜಿಗೆ ಬಂತು. ಪರೀಕ್ಷೆಯನ್ನು ಒಂದರ ಹಿಂದೆ ಒಂದರಂತೆ ಓಡಿಸುತ್ತ ಹೋದರು. ಹನ್ನೊಂದು ಸೆಕೆಂಡು, ಹಸಿರು. ಹದಿನೆಂಟು, ಹಸಿರು. ಭಾವ ಪ್ರತಿ ಹಸಿರಿಗೂ ಅವಳ ಮುಖ ನೋಡುತ್ತಿದ್ದರು. 3:20ಕ್ಕೆ ಮೂವತ್ತನಾಲ್ಕು ಸೆಕೆಂಡು, ಕೆಂಪು. ಎರಡು ಸಾಲು ನಾಪತ್ತೆ.

"ಇನ್ನೊಂದು ಸಲ ಓಡಿಸು."

ಮತ್ತೆ ಕೆಂಪು.

ಭಾವ ಕುರ್ಚಿ ಎಳೆದುಕೊಂಡು ಕೂತು ಬೀಗದ ಕೋಡನ್ನು ತೆರೆದರು. ಎಲ್ಲಿ ಹುಡುಕಬೇಕೆಂದು ತಿಳಿದ ಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೀಗ ಬೀಳುವ ಮೊದಲೇ ಬಿತ್ತು ಎಂದು ತಿಳಿಸುವ ಒಂದು ಸಾಲು. ವೇಗದ ಯಂತ್ರದಲ್ಲಿ ಆ ಸಂದಿನಲ್ಲಿ ಯಾರೂ ನುಸುಳಲಾರರು; ನಿಧಾನವಾದರೆ ನುಸುಳಬಹುದು. ಆರು ವರ್ಷಗಳ ಹಿಂದೆ ಅದನ್ನು ಬರೆದವರು ಭಾವನೇ. ಅವರು ಎದ್ದು ಮೇಡಂ ಕೋಣೆಗೆ ಹೋದರು.

ಇಪ್ಪತ್ತು ನಿಮಿಷ ಅವಳು ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು. ಒಳಗೆ ಭಾವ ಏನು ಹೇಳುತ್ತಿದ್ದಾರೋ, ತಪ್ಪನ್ನು ಯಂತ್ರದ ಮೇಲೆ ಹಾಕುತ್ತಾರೋ, ತನ್ನ ಮೇಲೋ ಎಂದು ಅವಳಿಗೆ ಅನುಮಾನವಿತ್ತು.

ಭಾವ ಹೊರಬಂದರು.

"ಬಿಡುಗಡೆ ನಿಲ್ಲಿಸಿದ್ರು. ಸರಿಸಿದ್ದೂ ನಾನೇ, ತಪ್ಪು ಸಾಲೂ ನಂದೇ ಅಂತ ಹೇಳ್ದೆ."

"ಏನಂದ್ರು?"

"ಸೋಮವಾರದಿಂದ ತಂಡ ನೀನು ನೋಡ್ಕೋಬೇಕಂತೆ."

"ನಾನು ಕೇಳಿಲ್ಲ ಭಾವ."

"ಕೇಳಿದ್ದೀಯ ಅಂತ ನಾನೂ ಹೇಳ್ಲಿಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ ಹತ್ರ ಮೊದಲೇ ಮಾತಾಡಿದ್ಯಾ?"

"ಇಲ್ಲ."

ಭಾವ ತಲೆಯಾಡಿಸಿದರು. ನಿನ್ನೆಯಿಂದ ಅವಳು ಅವರನ್ನು ನೋಡುತ್ತಿದ್ದುದೂ ಹೀಗೆಯೇ, ಉತ್ತರವನ್ನು ಕೇಳಿಸಿಕೊಂಡು, ನಂಬದೆ.

"ಮನೇಲಿ ನಾನೇ ಹೇಳ್ತೀನಿ," ಎಂದರು. "ನೀನು ನಿಮ್ಮಕ್ಕನಿಗೆ ಏನೂ ಹೇಳೋಕೆ ಹೋಗಬೇಡ."

ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಬಂದಿದ್ದರು. ಭಾವ ಬ್ಯಾಗು ತೆಗೆದುಕೊಂಡು ಒಬ್ಬರೇ ಮೆಟ್ಟಿಲಿಳಿದರು.