ಗೀಟಿನ ಸಾಹೇಬರು

ಅಪ್ಪನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೂತಿದ್ದ ಕೆಂಪು ಬಣ್ಣವನ್ನು ಮಗಳು ಒದ್ದೆ ಬಟ್ಟೆಯಿಂದ ಮೂರನೇ ಸಲ ಉಜ್ಜುತ್ತಿದ್ದಳು. ಬಣ್ಣ ಜಪ್ಪಯ್ಯ ಅನ್ನಲಿಲ್ಲ.

"ಬಿಡಮ್ಮ, ಇರಲಿ," ಅಂದ ಕ್ಷೌರಿಕ, ಅಪ್ಪನ ಕೆನ್ನೆಗೆ ಸೋಪು ಹಚ್ಚುತ್ತಾ. "ಬಣ್ಣ ಹೋದ್ರೆ ಇವರ ಗುರುತೇ ಸಿಗಲ್ಲ."

ಅಪ್ಪ ಮರಗಳ ಇನ್‌ಸ್ಪೆಕ್ಟರ್ ಆಗಿದ್ದವರು. ಬೂಷ್ಟು ರೋಗ ತಗುಲಿದ ಮರಕ್ಕೆ, ಕಾಡಿನದಾಗಲಿ ಊರಿನದಾಗಲಿ, ಕೆಂಪು ಗೀಟು ಎಳೆಯುವುದು ಅವರ ಕೆಲಸ. ಗೀಟು ಬಿದ್ದ ಮರ ವಾರದೊಳಗೆ ಉರುಳಬೇಕು, ಒಂದು ಚಕ್ಕೆಯೂ ಉಳಿಯದೆ ಸುಟ್ಟು ಬೂದಿಯಾಗಬೇಕು. ಊರು ಅವರನ್ನು 'ಗೀಟಿನ ಸಾಹೇಬರು' ಎಂದು ಕರೆಯುತ್ತಿತ್ತು, ಪ್ರೀತಿಯಿಂದೇನೂ ಅಲ್ಲ. ನಿವೃತ್ತರಾದ ಮೇಲೂ ಬಣ್ಣದ ಡಬ್ಬಿ ಹಿಡಿದು ಗುಡ್ಡ ಸುತ್ತುತ್ತಿದ್ದರು. ನಿನ್ನೆ ಅಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

"ನನ್ನ ಅಂಗಡಿ ಮುಂದಿನ ಮರಕ್ಕೆ ಗೀಟು ಎಳೆದಾಗ, ಇನ್ಮೇಲೆ ಇವರ ಕೂದಲು ಮುಟ್ಟಲ್ಲ ಅಂತ ಆಣೆ ಇಟ್ಟಿದ್ದೆ," ಅಂದ ಕ್ಷೌರಿಕ. "ಸಿಟ್ಟು ಇಳಿದು ನೋಡ್ತೀನಿ, ಮುಟ್ಟೋಕೆ ಕೂದಲೇ ಇರಲಿಲ್ಲ."

ಮಗಳಿಗೆ ನಗು ಬಂತು, ಹಿಂದೆಯೇ ಅಳುವೂ. ಹೊರಲು ನಾಲ್ಕು ಜನ ಬರುತ್ತಾರೋ ಇಲ್ಲವೋ ಎಂಬ ಚಿಂತೆ ಬೆಳಗಿನಿಂದ ಕೊರೆಯುತ್ತಿತ್ತು. ಬೀದಿಯ ಎಂಬತ್ತು ಮರಗಳನ್ನು ನುಂಗಿದ ರೋಗವನ್ನು ಕಾಡಿನಿಂದ ತಂದದ್ದು ಸಾಹೇಬರ ಬೂಟುಗಳೇ ಎಂದು ಊರಿಗೆ ಊರೇ ನಂಬಿತ್ತು.

ಬಾಗಿಲಲ್ಲಿ ನೆರಳಾಡಿತು. ಮರಗೆಲಸದ ಚಿಕ್ಕಪ್ಪ. ಈ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು.

*

ಹನ್ನೊಂದು ವರ್ಷದ ಹಿಂದೆ ಚಿಕ್ಕಪ್ಪನ ಶೆಡ್ಡಿನ ಮುಂದೆ ಅಜ್ಜಿ ನೆಟ್ಟ ಮರವಿತ್ತು. ತುದಿಯ ಎಲೆ ಬಾಡಿದ್ದು ಕಂಡು ಅಪ್ಪ ತೊಗಟೆ ಕೆತ್ತಿದರು. ಒಳಗೆ ಇದ್ದಿಲಿನಂಥ ಕಪ್ಪು ಎಳೆ.

"ಅಮ್ಮ ನೆಟ್ಟಿದ್ದು ಅಣ್ಣ. ಕಂಡೂ ಕಾಣದ ಹಾಗೆ ಹೋಗಿಬಿಡು."

"ಬಿಟ್ರೆ ಬೀದಿ ಬೀದಿಯೇ ಹೋಗತ್ತೆ ಕಣೋ."

ಗೀಟು ಸೊಟ್ಟಗೆ ಬಿತ್ತು. ಇನ್ನು ನಿನ್ನ ಮುಖ ನೋಡಲ್ಲ ಎಂದು ಚಿಕ್ಕಪ್ಪ ಒಳಗೆ ಹೋದರು.

ಮರುವರ್ಷ ಬೀದಿಯ ಮರಗಳು ಒಂದರ ಹಿಂದೊಂದು ಒಣಗತೊಡಗಿದವು. ಆ ದಿನಗಳಲ್ಲೇ ಒಂದು ಬೆಳಗ್ಗೆ ಅಪ್ಪ ಮೊಣಕೈವರೆಗೆ ಮಸಿ ಮಾಡಿಕೊಂಡು ಬಂದಿದ್ದರು.

"ಏನಪ್ಪಾ ಇದು?"

"ಒಂದಿಷ್ಟು ಕಸ ಇತ್ತು. ಸುಟ್ಟೆ," ಎಂದವರು ಬಚ್ಚಲಿಗೆ ನಡೆದಿದ್ದರು.

*

ಹೊರಲು ಜನ ಬಂದರು, ಬೇಕಾದ್ದಕ್ಕಿಂತ ಹೆಚ್ಚೇ. ಮಣ್ಣು ಮಾಡಿ ಹಿಂತಿರುಗುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬೋಳು ಬೀದಿಯಲ್ಲಿ ಶಾಲೆಯ ಗೋಡೆಯದೊಂದೇ ನೆರಳು, ಅದೂ ಗೇಣಗಲದ್ದು. ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ, ಒತ್ತೊತ್ತಿಗೆ ನಿಂತು ನೀರು ಕುಡಿದರು. ಚಿಕ್ಕಪ್ಪ ಮಾತ್ರ ಬಿಸಿಲಲ್ಲೇ ನಿಂತರು.

"ಮನುಷ್ಯ ಅಪ್ಪಟ ಚಿನ್ನ," ಅಂದ ಬೀದಿಯ ಕಿರಾಣಿ ಅಂಗಡಿಯವನು. "ಆ ಬೂಟೊಂದು ಕೈ ಕೊಡದೆ ಇದ್ದಿದ್ರೆ..."

"ಬೂಟಲ್ಲ," ಅಂದರು ಚಿಕ್ಕಪ್ಪ. "ನಾನು."

ಲೋಟ ಎತ್ತಿದವರ ಕೈ ಅಲ್ಲೇ ನಿಂತಿತು.

"ಅಮ್ಮನ ಮರ. ಪೂರ್ತಿ ಸುಡೋಕೆ ಮನಸ್ಸು ಬರಲಿಲ್ಲ. ಒಂದು ದಿಮ್ಮೀನ ಶೆಡ್ಡಿನ ಹಿಂದೆ ಗೋಣಿ ಹೊದಿಸಿ ಬಚ್ಚಿಟ್ಟೆ. ಬೂಷ್ಟು ಅಲ್ಲಿಂದ ಹಬ್ಬಿತು. ಒಂದಿನ ಬೆಳಗ್ಗೆ ಎದ್ದು ನೋಡಿದ್ರೆ ದಿಮ್ಮಿ ಇಲ್ಲ, ಬರೀ ಬೂದಿ. ಯಾಕೆ ಅಂತ ಅಣ್ಣ ನನ್ನನ್ನ ಒಂದು ಮಾತೂ ಕೇಳಲಿಲ್ಲ. ಊರಿಗೆ ಹೇಳ್ತಾನೆ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಹತ್ತು ವರ್ಷ ಕಾದೆ."

ಮೊಣಕೈವರೆಗಿನ ಆ ಮಸಿ ಮಗಳ ಕಣ್ಣಿಗೆ ಕಟ್ಟಿತು. ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ ಅಪ್ಪ ಕಂಡರು.

"ಹೇಳೋಕೆ ಅವರು ಸಾಯೋವರೆಗೂ ಕಾಯಬೇಕಿತ್ತಾ ಚಿಕ್ಕಪ್ಪ?"

ಅಂಗಡಿಯವನು ಲೋಟದ ತಳ ನೋಡುತ್ತಿದ್ದ. ಅರವತ್ತು ದಾಟಿದ ಚಿಕ್ಕಪ್ಪನ ಬೋಳುತಲೆಯಿಂದ ಬೆವರು ಹುಬ್ಬಿಗಿಳಿದು, ಕಣ್ಣೊಳಗೆ ಹೋಗುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಮಗಳು ಗೋಡೆಗುಂಟ ಎಡಕ್ಕೆ ಸರಿದಳು. ಪಕ್ಕದಲ್ಲಿದ್ದ ಕ್ಷೌರಿಕ ಒಂದಿಷ್ಟು ಬಲಕ್ಕೆ ಸರಿದ. ನಡುವೆ ಅರ್ಧ ಆಳಿನಷ್ಟು ಜಾಗವಾಯಿತು. ಚಿಕ್ಕಪ್ಪ ಬಂದು ಅಲ್ಲಿ ನಿಂತರು, ಒಂದು ಭುಜ ನೆರಳಲ್ಲಿ, ಇನ್ನೊಂದು ಬಿಸಿಲಲ್ಲಿ.